ಕ್ವಿಲ್ಟನ್ನು ಮಗುಚಿ ನೋಡಿದವರು

1981ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಊರುಗಳಲ್ಲಿ ಹೊಸ ಬಗೆಯ ಸಂತೆ ಸೇರತೊಡಗಿತು. ಅಲ್ಲಿ ಮಾರುವವರೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಅಜ್ಜಿ ಮುತ್ತಜ್ಜಿಯರು ಹೊಲಿದಿಟ್ಟ ಕ್ವಿಲ್ಟುಗಳನ್ನು ದಿಂಬಿನ ಚೀಲದಲ್ಲೋ ಪೆಟ್ಟಿಗೆಯಲ್ಲೋ ಹಾಕಿಕೊಂಡು ಬಂದ ಮನೆಯವರು ಸಾಲಿನಲ್ಲಿ ನಿಲ್ಲುತ್ತಿದ್ದರು. ಮೇಜಿನ ಹಿಂದಿದ್ದ ಸ್ವಯಂಸೇವಕರು ಅವನ್ನು ಹರಡಿ, ಟೇಪು ಹಿಡಿದು ಅಳೆದು, ಮಗುಚಿ ನೋಡಿ, ಫಾರಂ ತುಂಬಿ, ಫೋಟೊ ತೆಗೆಸಿ ವಾಪಸು ಕೊಡುತ್ತಿದ್ದರು. ಇದಕ್ಕೆ ‘ಕ್ವಿಲ್ಟ್ ಡೇ’ ಎಂದು ಹೆಸರು. ಜಾಲತಾಣ ಎಂಬುದೊಂದು ಬರಲಿದೆ ಎಂದು ಆ ಸಾಲಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆದರೂ 90 ಸಾವಿರಕ್ಕೂ ಹೆಚ್ಚು ಕ್ವಿಲ್ಟುಗಳ ವಿವರವನ್ನು ಇಂದು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದಾದ ‘ಕ್ವಿಲ್ಟ್ ಇಂಡೆಕ್ಸ್’ಗೆ ಪಾಯ ಬಿದ್ದದ್ದು ಆ ಮೇಜುಗಳ ಮೇಲೆಯೇ.

ಕ್ವಿಲ್ಟ್ ಎಂದರೆ ನಮ್ಮ ಕೌದಿಗೆ ದೂರದ ನೆಂಟ. ತುಂಡು ಬಟ್ಟೆ ಜೋಡಿಸಿ ಮಾಡಿದ ಮೇಲ್ಪದರ, ನಡುವೆ ಹತ್ತಿ, ಕೆಳಗೆ ಅಸ್ತರು, ಮೂರನ್ನೂ ಹಿಡಿದಿಡುವ ಸಣ್ಣ ಸಣ್ಣ ಹೊಲಿಗೆ. ಹಾಸಿ ಹೊದೆಯುವ ಈ ವಸ್ತುವನ್ನು 1971ರಲ್ಲಿ ಜೋನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವಾನ್ ಡರ್ ಹೂಫ್ ಎಂಬ ಇಬ್ಬರು ಸಂಗ್ರಾಹಕರು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಗೆ ಚಿತ್ರಗಳ ಹಾಗೆ ನೇತುಹಾಕಿದರು. ಅಲ್ಲಿಂದ ಮುಂದೆ ಕ್ವಿಲ್ಟಿನ ಗ್ರಹಗತಿಯೇ ಬದಲಾಯಿತು. ಬೆಲೆ ಏರಿತು, ವ್ಯಾಪಾರಿಗಳು ಹಳ್ಳಿಗಳಿಗೆ ನುಗ್ಗಿದರು, ಮನೆಯ ಪೆಟ್ಟಿಗೆಯಲ್ಲಿದ್ದದ್ದು ದೊಡ್ಡ ನಗರಗಳ ಪಾಲಾಯಿತು. ಕ್ವಿಲ್ಟಿನ ಜೊತೆ ಹೋಗದೆ ಉಳಿದದ್ದು, ಅಂದರೆ ಕಳೆದೇ ಹೋದದ್ದು, ಅದನ್ನು ಯಾರು, ಎಲ್ಲಿ, ಯಾರಿಗಾಗಿ ಹೊಲಿದರು ಎಂಬ ಸಂಗತಿ. ಇದು ಮೊದಲು ಚುಚ್ಚಿದ್ದು ಕೆಂಟಕಿಯ ಲೂಯಿವಿಲ್ ನಗರದ ಬ್ರೂಸ್ ಮಾನ್ ಎಂಬ ವ್ಯಾಪಾರಿಗೇ ಎನ್ನುವುದು ತಮಾಷೆಯೂ ಹೌದು, ಸಹಜವೂ ಹೌದು. ಏನೇನು ಊರು ಬಿಡುತ್ತಿದೆ ಎಂಬ ಲೆಕ್ಕ ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? 1980ರಲ್ಲಿ ಅವನು ಅಕಾಲದಲ್ಲಿ ತೀರಿಕೊಂಡ. ರಾಜ್ಯದ ಕ್ವಿಲ್ಟುಗಳನ್ನು ದಾಖಲಿಸಬೇಕೆಂಬ ಅವನ ಯೋಚನೆಯನ್ನು ಶೆಲ್ಲಿ ಜೆಗಾರ್ಟ್ ಮತ್ತು ಆಕೆಯ ಗೆಳತಿಯರು ‘ಕೆಂಟಕಿ ಕ್ವಿಲ್ಟ್ ಪ್ರಾಜೆಕ್ಟ್’ ಆಗಿ ಕೈಗೆತ್ತಿಕೊಂಡರು. ಬೇರೆ ರಾಜ್ಯಗಳೂ ನೋಡುತ್ತ ಕೂರಲಿಲ್ಲ. ಟೆನೆಸಿ, ಮಿಷಿಗನ್, ನಾರ್ತ್ ಕೆರೊಲಿನಾ, ಇಲಿನಾಯ್ ಹೀಗೆ ಒಂದರ ಹಿಂದೊಂದು ಹೊರಟವು.

ಕೈ ಪಳಗಿದ ಸ್ವಯಂಸೇವಕಿ ಕ್ವಿಲ್ಟಿನ ಮುಖಕ್ಕೆ ಮರುಳಾಗುವುದಿಲ್ಲ. ಮಗುಚಿ ಹಾಕಿ ಬೆನ್ನು ನೋಡುತ್ತಾಳೆ. 1930ರ ದಶಕದ ಅಮೆರಿಕದಲ್ಲಿ ಹಿಟ್ಟು, ಸಕ್ಕರೆ, ಕೋಳಿಯ ಮೇವು ಎಲ್ಲ ಹತ್ತಿ ಬಟ್ಟೆಯ ಚೀಲಗಳಲ್ಲಿ ಬರುತ್ತಿದ್ದವು. ಖಾಲಿ ಚೀಲ ಅಂಗಿಯಾಗುತ್ತದೆ, ಅಸ್ತರಾಗುತ್ತದೆ ಎಂದು ತಿಳಿದ ಕಂಪನಿಗಳು ಚೀಲಕ್ಕೇ ಹೂಬಳ್ಳಿಯ ಅಚ್ಚು ಹಾಕಿಸಿ ಗಿರಾಕಿಗಳನ್ನು ಒಲಿಸಿಕೊಂಡವು. ಚೀಲದ ಅಂಚನ್ನು ಮುಚ್ಚುತ್ತಿದ್ದದ್ದು ದಪ್ಪ ದಾರದ ಸರಪಣಿ ಹೊಲಿಗೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಆದರೆ ದಪ್ಪ ಸೂಜಿ ಕೊರೆದ ತೂತುಗಳ ಸಾಲು ಬಟ್ಟೆಯಲ್ಲಿ ಉಳಿದುಬಿಡುತ್ತದೆ. ಎಷ್ಟೋ ಸಲ ಒಗೆದು ತೆಳುವಾದ ಅಸ್ತರಿನಲ್ಲೂ ಬೆರಳಾಡಿಸಿ, ಬೆಳಕಿಗೆ ಹಿಡಿದು ಆ ಸಾಲನ್ನು ಹುಡುಕುವವರಿದ್ದಾರೆ. ಸಿಕ್ಕಿತೋ, ‘ಚೀಲದ ಬಟ್ಟೆ’ ಎಂಬ ಕಾಲಂನಲ್ಲಿ ಒಂದು ಗುರುತು ಬೀಳುತ್ತದೆ.

ಮನೆಯವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು, ಹೇಳಿದ್ದನ್ನೆಲ್ಲ ನಂಬಬಾರದು. ಒಳಗಿನ ಹತ್ತಿಯಲ್ಲಿ ಬೀಜದ ಕಪ್ಪು ಚುಕ್ಕೆ ಕಂಡರೆ ಕ್ವಿಲ್ಟು 1793ರಲ್ಲಿ ಎಲೈ ವಿಟ್ನಿಯ ಬೀಜ ಬಿಡಿಸುವ ಯಂತ್ರ, ಅಂದರೆ ಜಿನ್, ಬರುವ ಮೊದಲಿನದು ಎಂಬ ಮಾತು ಅಮೆರಿಕದ ಮನೆಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಆದರೆ ಜಿನ್ನಿನಲ್ಲಿ ಹಾಯ್ದ ಹತ್ತಿಯಲ್ಲೂ ಬೀಜದ ಚೂರು ಉಳಿಯುತ್ತದೆ, ಇಪ್ಪತ್ತನೆಯ ಶತಮಾನದ ಕ್ವಿಲ್ಟುಗಳಲ್ಲೂ ಅದು ಧಾರಾಳವಾಗಿ ಸಿಗುತ್ತದೆ. (ನಮ್ಮ ಹಾವೇರಿ, ಗದಗ ಕಡೆ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.) ಬಣ್ಣವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಕೆಂಪು ಹೂವಿಗೆ ಖಾಕಿ ಎಲೆ ಇದ್ದರೆ ಹೊಲಿದವಳಿಗೆ ಬಣ್ಣದ ಅಭಿರುಚಿ ಇರಲಿಲ್ಲ ಎಂದುಕೊಳ್ಳಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂದ ಕೃತಕ ಹಸಿರು ಬಣ್ಣಗಳು ಬಿಸಿಲಿಗೂ ಒಗೆತಕ್ಕೂ ನಿಲ್ಲದೆ ಮಣ್ಣುಬಣ್ಣಕ್ಕೆ ತಿರುಗಿದವು. ಅವಳು ಹೊಲಿದದ್ದು ಹಸಿರೆಲೆಯನ್ನೇ.

ಇಷ್ಟನ್ನೂ ಕಾಗದದ ಮೇಲೆ ಇಳಿಸುವುದು ಒಂದು ಕೆಲಸ. ಹುಡುಕಿದಾಗ ಸಿಗುವಂತೆ ಜೋಡಿಸುವುದು ಅದರಪ್ಪನಂಥ ಕೆಲಸ. ಮೊದಲ ತೊಡಕು ವಿನ್ಯಾಸದ ಹೆಸರಿನದು. ಪಶ್ಚಿಮದ ಕಡೆಯವರು ‘ಕರಡಿ ಪಂಜ’ ಎಂದು ಕರೆದ ಚೌಕವೇ ಲಾಂಗ್ ಐಲೆಂಡಿನಲ್ಲಿ ‘ಕೆಸರಲ್ಲಿ ಬಾತಿನ ಕಾಲು’, ಫಿಲಡೆಲ್ಫಿಯಾದ ಕ್ವೇಕರರಲ್ಲಿ ‘ಸ್ನೇಹದ ಹಸ್ತ’. ಹೆಸರು ಕೊಟ್ಟು ಹುಡುಕಿದರೆ ಮೂರು ಬೇರೆ ಬೇರೆ ರಾಶಿ ಬರುತ್ತದೆ. ಬಾರ್ಬರಾ ಬ್ರಾಕ್‌ಮನ್ ಎಂಬ ಸಂಶೋಧಕಿ ಈ ಗಂಟನ್ನು ಬಿಚ್ಚಿದ ರೀತಿ ಸೊಗಸಾದದ್ದು. ಹೆಸರನ್ನು ಬದಿಗಿಟ್ಟು, ಚೌಕ ಹೇಗೆ ಭಾಗವಾಗಿದೆ ಎಂಬ ರಚನೆಯ ಮೇಲೆ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟರು. 4,000ಕ್ಕೂ ಹೆಚ್ಚು ವಿನ್ಯಾಸಗಳ ಆ ವಿಶ್ವಕೋಶ ಮೊದಲು ಬಿಡಿ ಬಿಡಿ ಭಾಗಗಳಾಗಿ, 1993ರಲ್ಲಿ ಒಂದೇ ಸಂಪುಟವಾಗಿ ಬಂತು. ಅಂದಿನಿಂದ ಕ್ವಿಲ್ಟ್ ದಾಖಲಿಸುವವರ ನಡುವೆ ‘ಬ್ರಾಕ್‌ಮನ್ ನಂಬರ್ ಎಷ್ಟು?’ ಎಂದರೆ ಮಾತು ಮುಗಿಯಿತು. ಮನೆಯವರು ಕರೆಯುವ ಹೆಸರನ್ನು ಅಳಿಸಬೇಕಾಗಿಲ್ಲ, ಅದಕ್ಕೆ ಅದರದೇ ಕಾಲಂ ಇದೆ.

ಎರಡನೆಯ ತೊಡಕು ‘ಹೊಲಿದವರು ಯಾರು’ ಎಂಬುದು. ಒಂದು ಹೆಸರು ಬರೆದರೆ ಆಯಿತಲ್ಲ ಎನ್ನುವವರು 1933ರ ಕಥೆ ಕೇಳಬೇಕು. ಶಿಕಾಗೋ ವಿಶ್ವಮೇಳದ ಹೊತ್ತಿಗೆ ಸಿಯರ್ಸ್ ಕಂಪನಿ ನಡೆಸಿದ ಕ್ವಿಲ್ಟ್ ಸ್ಪರ್ಧೆಗೆ 24 ಸಾವಿರಕ್ಕೂ ಹೆಚ್ಚು ಕ್ವಿಲ್ಟುಗಳು ಬಂದವು. ಆರ್ಥಿಕ ಕುಸಿತದ ಕಾಲ, ಮೊದಲ ಬಹುಮಾನ 1,000 ಡಾಲರ್. ಗೆದ್ದವಳು ಕೆಂಟಕಿಯ ಲೆಕ್ಸಿಂಗ್ಟನ್ನಿನ ಮಾರ್ಗರೆಟ್ ಕೇಡನ್. ನಕ್ಷತ್ರದ ವಿನ್ಯಾಸದ ಆ ಕ್ವಿಲ್ಟು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಸಂದಿತು, ಆಮೇಲೆ ಎಲ್ಲಿ ಹೋಯಿತೋ ಪತ್ತೆಯಿಲ್ಲ. ಇದೇ ಬ್ರಾಕ್‌ಮನ್ ಮತ್ತು ಟೆನೆಸಿಯ ದಾಖಲಾತಿ ನಡೆಸಿದ ಮೆರಿಕೆ ವಾಲ್ಡ್‌ವೋಗೆಲ್ ಬೆನ್ನು ಹತ್ತಿ ಕೆದಕಿದಾಗ ಬಯಲಿಗೆ ಬಂದದ್ದು: ಕೇಡನ್ ಆ ಕ್ವಿಲ್ಟಿಗೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಕೂಲಿಗೆ ಹೊಲಿದ ಹೆಂಗಸರು ಬೇರೆ, ಬಹುಮಾನದ ಹಣದಲ್ಲಿ ಅವರಿಗೆ ಪಾಲೂ ಇಲ್ಲ, ಕಷ್ಟದ ದಿನಗಳಲ್ಲಿ ಕೂಲಿ ತಪ್ಪೀತೆಂದು ಬಾಯಿಬಿಡುವ ಹಾಗೂ ಇಲ್ಲ. ಆದ್ದರಿಂದ ಒಳ್ಳೆಯ ಫಾರಂನಲ್ಲಿ ತುಂಡು ಜೋಡಿಸಿದವರು, ಮೂರು ಪದರ ಹೊಲಿದವರು, ಈಗ ಇಟ್ಟುಕೊಂಡಿರುವವರು ಎಲ್ಲರಿಗೂ ಬೇರೆ ಬೇರೆ ಸಾಲು ಇರಬೇಕು. ಹೆಚ್ಚಿನ ಸಾಲುಗಳಲ್ಲಿ ಬರುವ ಉತ್ತರ ‘ಗೊತ್ತಿಲ್ಲ’. ಬರಲಿ. ಊಹೆಯಿಂದ ತುಂಬಿದ ಕಾಲಂಗಿಂತ ಖಾಲಿ ಕಾಲಂ ವಾಸಿ.

ಕ್ವಿಲ್ಟ್ ಇಂಡೆಕ್ಸ್ ಜಾಲತಾಣದ ಕೆಲಸ ನಿಜಕ್ಕೂ ಶುರುವಾದದ್ದು 1990ರ ದಶಕದ ಕೊನೆಗೆ. ರಾಜ್ಯ ರಾಜ್ಯದ ಫಾರಂಗಳು ರಟ್ಟಿನ ಪೆಟ್ಟಿಗೆಗಳಲ್ಲಿ, ಕಲರ್ ಸ್ಲೈಡುಗಳು ಡ್ರಾಯರುಗಳಲ್ಲಿ ಕೂತಿದ್ದವು. ಜೆಗಾರ್ಟ್ ಮತ್ತು ಸಂಗಡಿಗರು 1993ರಲ್ಲಿ ಕಟ್ಟಿದ ‘ಅಲಯನ್ಸ್ ಫಾರ್ ಅಮೆರಿಕನ್ ಕ್ವಿಲ್ಟ್ಸ್’ ಸಂಸ್ಥೆ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮ್ಯೂಸಿಯಂ, ಅದೇ ವಿಶ್ವವಿದ್ಯಾಲಯದ ‘ಮೇಟ್ರಿಕ್ಸ್’ ಎಂಬ ಡಿಜಿಟಲ್ ಕೇಂದ್ರ ಮೂರೂ ಕೈಜೋಡಿಸಿದವು. ಕೆಂಟಕಿ, ಇಲಿನಾಯ್, ಮಿಷಿಗನ್, ಟೆನೆಸಿ ಸಂಗ್ರಹಗಳನ್ನು ಪರೀಕ್ಷೆಗೆಂದು ಮೊದಲು ಏರಿಸಿ, 2003ರಲ್ಲಿ ತಾಣವನ್ನು ಜನರಿಗೆ ತೆರೆದರು. ಪ್ರೋಗ್ರಾಂ ಬರೆಯುವುದಕ್ಕಿಂತ ತಲೆ ತಿಂದದ್ದು ಫಾರಂಗಳ ಹೊಂದಾಣಿಕೆ. ಪ್ರತಿ ರಾಜ್ಯವೂ ತನಗೆ ತೋಚಿದ ಹಾಗೆ ಪ್ರಶ್ನೆ ಕೇಳಿತ್ತು. ಒಬ್ಬರು ‘ಸುಮಾರು 1890’ ಎಂದು ಬರೆದರೆ ಇನ್ನೊಬ್ಬರು ‘ಅಜ್ಜಿಯ ಮದುವೆಗೆ ಮುಂಚೆ’ ಎಂದು ಬರೆದುಕೊಂಡಿರುತ್ತಾರೆ. ಕಂಪ್ಯೂಟರಿಗೆ ಎರಡನೆಯದು ಅರ್ಥವಾಗುವುದಿಲ್ಲ, ಕ್ವಿಲ್ಟ್ ಪ್ರಿಯರಿಗೆ ಎರಡನೆಯದೇ ಹೆಚ್ಚು ಬೇಕು. ಕೊನೆಗೆ ಇಡಿಯ ಎರಡು ಶತಮಾನವನ್ನು 1876–1900, 1930–1949 ಎಂಬಂಥ ಅವಧಿಗಳಾಗಿ ಕತ್ತರಿಸಿ ಹುಡುಕಾಟಕ್ಕೆ ಒದಗಿಸಿದರು, ಮನೆಯವರ ಮಾತು ಟಿಪ್ಪಣಿಯಲ್ಲಿ ಹಾಗೆಯೇ ಉಳಿಯಿತು. ಮೇಟ್ರಿಕ್ಸ್ ಇದಕ್ಕೆ ಬಳಸಿದ ‘ಕೋರಾ’ ಯಾರು ಬೇಕಾದರೂ ತೆಗೆದುಕೊಂಡು ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ.

ಚಿತ್ರದ ಬೆಡಗು ಬೇಕಾದವರಿಗೆ ಇನ್‌ಸ್ಟಾಗ್ರಾಂ ಇದೆ. ಇಲ್ಲಿನ ಎಷ್ಟೋ ಚಿತ್ರಗಳು ಹಳೆಯ ಸ್ಲೈಡಿನಿಂದ ತೆಗೆದವು, ಮಂಕಾಗಿವೆ. ಆದರೆ ಚಿತ್ರದ ಕೆಳಗಿನ ಪಟ್ಟಿಯನ್ನು ಓದುವ ಚಟ ಒಮ್ಮೆ ಹತ್ತಿದರೆ ಬಿಡುವುದಲ್ಲ.

ಎಲ್ಲ ಕ್ವಿಲ್ಟ್ ತಾಣಕ್ಕೂ ಇದೇ ಕಾಲಂಗಳು ಸಲ್ಲುತ್ತವೆ ಎಂದೇನಿಲ್ಲ. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಕ್ಲೀವ್ ಜೋನ್ಸ್ ಮತ್ತು ಗೆಳೆಯರು 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಕ್ವಿಲ್ಟನ್ನೇ ನೋಡಬಹುದು. ಅದರ ಪ್ರತಿ ತುಂಡು 3 ಅಡಿ ಅಗಲ, 6 ಅಡಿ ಉದ್ದ, ಸರಿಸುಮಾರು ಒಂದು ಗೋರಿಯ ಅಳತೆ. ಈಗ ತುಂಡುಗಳ ಸಂಖ್ಯೆ 50 ಸಾವಿರದ ಹತ್ತಿರ, ತೂಕ 54 ಟನ್. ಇಡಿಯಾಗಿ ಹರಡಲು ಜಾಗವೆಲ್ಲಿ? ಪರದೆಯ ಮೇಲೆ ಮಾತ್ರ ಅದು ಪೂರ್ತಿ ಕಾಣುತ್ತದೆ. ಅಲ್ಲಿ ಬ್ರಾಕ್‌ಮನ್ ನಂಬರ್ ಯಾರಿಗೂ ಬೇಡ. ತಾಯಿಯೊಬ್ಬಳು ಬಂದು ಟೈಪ್ ಮಾಡುವುದು ಮಗನ ಹೆಸರನ್ನು, ಅವಳಿಗೆ ಬೇಕಾದದ್ದು ಅವನ ತುಂಡು ಎಷ್ಟನೆಯ ಬ್ಲಾಕಿನಲ್ಲಿದೆ ಎಂಬ ಒಂದೇ ಉತ್ತರ.

ನಮ್ಮ ಉತ್ತರ ಕನ್ನಡದ ಸಿದ್ದಿಯರ ಕೌದಿಯನ್ನು ಕೆಂಟಕಿಯ ಮೇಜಿನ ಮೇಲೆ ಹರಡಿದರೆ ಫಾರಂ ಅರ್ಧಕ್ಕೆ ನಿಲ್ಲುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಗಿನ ಜಗತ್ತಿಗೆ ತೋರಿಸಿದವರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಹುಟ್ಟಿದ್ದೂ ಅವರ ನೆರವಿನಿಂದ. ‘ಚೌಕದ ವಿನ್ಯಾಸ ಯಾವುದು?’ ಎಂದು ಫಾರಂ ಕೇಳುತ್ತದೆ. ಇಲ್ಲಿ ಚೌಕವೇ ಇಲ್ಲ. ‘ನಡುವಿನ ಹತ್ತಿ ಎಂಥದು?’ ಹತ್ತಿಯೂ ಇಲ್ಲ, ಇರುವುದು ಹಳೆಯ ಸೀರೆ, ಲುಂಗಿ, ಅಂಗಿಗಳ ಪದರ. ‘ಜೋಡಿಸಿದವರು ಯಾರು, ಹೊಲಿದವರು ಯಾರು?’ ಎರಡೂ ಒಂದೇ ಕೈ, ಒಂದೇ ಹೊತ್ತಿನ ಕೆಲಸ. ಒಂದು ಮೂಲೆಯಲ್ಲಿ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ, ಒಂದೊಂದೇ ತುಂಡಿನ ಬಾಯಿ ಮಡಚಿ ಸಾದಾ ಹೊಲಿಗೆ ಹಾಕುತ್ತ ನಡುವಿಗೆ ಬಂದು ಮುಟ್ಟುತ್ತಾಳೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ಮುಕ್ಕೋನದ ‘ಫುಲಾ’ ಬೀಳಬೇಕು. ಅದಿಲ್ಲದ ಕೌದಿ ಬತ್ತಲೆ ಎಂಬುದು ಅಲ್ಲಿನ ಹೆಂಗಸರ ತೀರ್ಪು. ಕ್ರೈಸ್ತ ಸಿದ್ದಿ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಕಾಣುವುದುಂಟು. ಇವಕ್ಕೆಲ್ಲ ಕಾಲಂ ಬೇಕೆಂದರೆ ಫಾರಂ ಹೊಸದಾಗಿಯೇ ಬರೆಯಬೇಕು: ಯಾವ ಮೂಲೆಯಿಂದ ಹೊರಟಳು, ಯಾವ ದಿಕ್ಕಿಗೆ ತಿರುಗಿದಳು, ಎಷ್ಟು ಪದರ, ಯಾರ ಸೀರೆ, ಫುಲಾ ಉಂಟೋ ಇಲ್ಲವೋ.

ಹಾಗೆ ಬರೆಯುವವರಿಗೆ ಕೆಂಟಕಿಯವರಿಗೆ ಸಿಗದ ಒಂದು ಅನುಕೂಲವಿದೆ. ಅಲ್ಲಿ ಫಾರಂ ಬರುವ ಹೊತ್ತಿಗೆ ಹೊಲಿದವಳು ಮಣ್ಣಾಗಿ ಎಷ್ಟೋ ಕಾಲವಾಗಿತ್ತು, ಮೊಮ್ಮಗಳ ಬಾಯಲ್ಲಿ ಬಂದಷ್ಟೇ ದಾಖಲೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಹೊಲಿಯುವವಳೇ ಎದುರಿಗೆ ಕೂತಿರುತ್ತಾಳೆ, ತಪ್ಪು ಬರೆದರೆ ‘ಹಂಗಲ್ಲ’ ಎಂದು ತಿದ್ದುತ್ತಾಳೆ. ತಡಮಾಡದಿರಲು ಇನ್ನೊಂದು ಕಾರಣವೂ ಇದೆ. ಈಗ ಅಮೆರಿಕ, ಯುರೋಪಿನ ಹವ್ಯಾಸಿಗಳು ‘ಕವಂದಿ’ ಎಂಬ ಹೆಸರಿನಲ್ಲಿ ಇದೇ ಪದ್ಧತಿಯನ್ನು ಕಲಿತು ಹೊಲಿಯುತ್ತಿದ್ದಾರೆ. ಅವರ ಕವಂದಿಗಳೂ ಒಂದಲ್ಲ ಒಂದು ದಿನ ಯಾವುದೋ ಕ್ವಿಲ್ಟ್ ಡೇಯ ಸಾಲಿಗೆ ಬರುತ್ತವೆ. ಆಗ ಮೇಜಿನ ಹಿಂದಿರುವ ಸ್ವಯಂಸೇವಕಿಗೆ ಹೋಲಿಸಿ ನೋಡಲು ಹಳಿಯಾಳದ ಕೌದಿಯ ಅಳತೆ, ಬೆನ್ನಿನ ಫೋಟೊ ಮತ್ತು ಅದನ್ನು ಹೊಲಿದವಳ ಹೆಸರು ಬೇಕಾಗುತ್ತದೆ.