ಗಾರೆಯವನ ಮಗಳು ಮತ್ತು ರಾಣಿಯ ಕಿರೀಟ

ಬಡವರ ಮನೆಯ ಹುಡುಗಿ ಕೊನೆಗೆ ರಾಣಿಯಾದಳು ಅಂತ ಕತೆ ಹೇಳುವುದು ಉಳ್ಳವರಿಗೆ ಬಲು ಇಷ್ಟ. ಆ ಕತೆಯಲ್ಲಿ ಹುಡುಗಿ ಮೇಲೇರುತ್ತಾಳೆ. ಅವಳು ಹುಟ್ಟಿದ ಕೇರಿ ಇದ್ದಲ್ಲೇ ಇರುತ್ತದೆ. ಬ್ರಿಟನ್ನಿನ ನಟಿ ಗ್ಲೆಂಡಾ ಜಾಕ್ಸನ್ (1936-2023) ಬಗ್ಗೆಯೂ ಇಂಥ ಕತೆಯೇ ಚಲಾವಣೆಯಲ್ಲಿದೆ. ಆಕೆಯ ಕೆಲಸವನ್ನು ನೆಟ್ಟಗೆ ನೋಡಿದರೆ ಈ ಕತೆಯ ಬಣ್ಣ ಬಯಲಾಗುತ್ತದೆ.

ಬರ್ಕನ್‌ಹೆಡ್ ಹಡಗು ಕಟ್ಟುವವರ ಊರು. ಅಪ್ಪ ಇಟ್ಟಿಗೆ ಕಟ್ಟುವ ಗಾರೆಯವನು. ತಾಯಿ ಕಂಡವರ ಮನೆ ಗುಡಿಸಿ ಒರೆಸಿದವಳು. ಶಾಲೆ ಬಿಟ್ಟ ಗ್ಲೆಂಡಾ ಬೂಟ್ಸ್ ಔಷಧಿ ಅಂಗಡಿಯಲ್ಲಿ ಎರಡು ವರ್ಷ ದುಡಿದಳು. 1954ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಸೇರಿದಳು. ಪ್ರತಿಭೆ ದೇವರು ಕೊಟ್ಟ ವರ ಅನ್ನುವವರು ಇದನ್ನು ಗಮನಿಸಬೇಕು. ಪ್ರತಿಭೆ ಅವಳಲ್ಲೇ ಇತ್ತು, ನಿಜ. ಬಾಗಿಲು ತೆಗೆದದ್ದು ಮಾತ್ರ ಆ ವೇತನ. ವೇತನ ಸಿಗದೆ ಅಂಗಡಿಯಲ್ಲೇ ಉಳಿದ ಎಷ್ಟು ಗ್ಲೆಂಡಾಗಳಿದ್ದರೋ, ಲೆಕ್ಕ ಇಟ್ಟವರು ಯಾರು?

1964ರಲ್ಲಿ ಪೀಟರ್ ಬ್ರೂಕ್ ನಿರ್ದೇಶನದ 'ಮರಾ/ಸಾದ್' ನಾಟಕದಲ್ಲಿ ಆಕೆ ಶಾರ್ಲಟ್ ಕಾರ್ಡೆ. ಹುಚ್ಚಾಸ್ಪತ್ರೆಯ ರೋಗಿಗಳು ಫ್ರೆಂಚ್ ಕ್ರಾಂತಿಯ ಕೊಲೆಯೊಂದನ್ನು ಆಡಿ ತೋರಿಸುವ ನಾಟಕ ಅದು. ಅದರಲ್ಲಿ ಆಕೆ ತನ್ನ ತಲೆಗೂದಲನ್ನೇ ಚಾಟಿ ಮಾಡಿ ಬೀಸುತ್ತಾಳೆ. ಹೆಣ್ಣಿನ ಕೂದಲನ್ನು ಮುಡಿಯೆಂದು ಹಾಡಿ ಹೊಗಳಿದವರಿಗೆ ಇದು ಸರಿಯಾದ ಉತ್ತರ.

ಲಾರೆನ್ಸನ ಕಾದಂಬರಿ ಆಧರಿಸಿದ 'ವಿಮೆನ್ ಇನ್ ಲವ್' (1969) ಮತ್ತು 'ಎ ಟಚ್ ಆಫ್ ಕ್ಲಾಸ್' (1973) ಚಿತ್ರಗಳಿಗೆ ಎರಡು ಆಸ್ಕರ್ ಬಂದವು. ಎರಡು ಸಲವೂ ಆಕೆ ಸಮಾರಂಭಕ್ಕೆ ಹೋಗಲಿಲ್ಲ. 1971ರ ಬಿಬಿಸಿ ಧಾರಾವಾಹಿ 'ಎಲಿಜಬೆತ್ ಆರ್'ನಲ್ಲಿ ರಾಣಿಯಾಗಲು ಮುಂದಲೆ ಬೋಳಿಸಿಕೊಂಡಳು. ಆ ರಾಣಿ ಮುದುಕಿಯಾದಾಗ ಮುಖದ ಬಿಳಿ ಬಣ್ಣ ಗೋಡೆಗೆ ಹಚ್ಚಿದ ಸುಣ್ಣದಂತೆ ಕಾಣುತ್ತದೆ. ಅಧಿಕಾರವೆಂದರೆ ದಿನಾ ಹಚ್ಚಿಕೊಳ್ಳಬೇಕಾದ ಬಣ್ಣ ಅಂತ ನೋಡುವವನಿಗೆ ಹೊಳೆಯುತ್ತದೆ. ಗಾರೆಯವನ ಮಗಳು ಕಿರೀಟ ತೊಟ್ಟದ್ದು ಅದಕ್ಕೆ ಕೈ ಮುಗಿಯುವುದಕ್ಕಲ್ಲ, ಅದರ ಭಾರ ಎಷ್ಟು ಅಂತ ತೂಗಿ ತೋರಿಸುವುದಕ್ಕೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆಕೆಗೆ ಹೆಸರು ತಂದ ಪಾತ್ರಗಳಲ್ಲಿ ರಾಣಿ ಇದ್ದಾಳೆ, ಕಲಾವಿದೆ ಇದ್ದಾಳೆ, ಅನುಕೂಲಸ್ಥ ಹೆಂಗಸರಿದ್ದಾರೆ. ನೆಲ ಒರೆಸುವ ಅವಳ ತಾಯಿ ಎಲ್ಲಿ? ಇದು ನಟಿಯ ತಪ್ಪಲ್ಲ. ನೆಲ ಒರೆಸುವವಳನ್ನು ನಡುಮನೆಗೆ ಕರೆಯದ ಕಲೆಯ ತಪ್ಪು.

ಆ ತಾಯಿ ಕಡೆಗೂ ಮಾತಾಡಿದ್ದು ಪಾರ್ಲಿಮೆಂಟಿನಲ್ಲಿ. 1992ರಲ್ಲಿ ನಟನೆ ಬಿಟ್ಟು ಲೇಬರ್ ಪಕ್ಷದಿಂದ ಗೆದ್ದು ಹೋದ ಗ್ಲೆಂಡಾ 2015ರವರೆಗೆ ಅಲ್ಲಿದ್ದಳು. 2003ರ ಇರಾಕ್ ಯುದ್ಧಕ್ಕೆ ತನ್ನ ಪಕ್ಷದ ಸರಕಾರವೇ ಹೊರಟಾಗ ವಿರೋಧಿಸಿದಳು. 2013ರ ಏಪ್ರಿಲ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಸಭೆಯೆಲ್ಲ ಹೊಗಳಿಕೆ. ಈಕೆ ಎದ್ದು ನಿಂತು ಥ್ಯಾಚರ್ ಆಳ್ವಿಕೆ ಬಡವರಿಗೆ ಮಾಡಿದ ಹಾನಿಯನ್ನು ಹೇಳತೊಡಗಿದಳು. ಎದುರು ಬೆಂಚಿನವರು ಕೂಗಾಡಿದರು. ಈಕೆ ದನಿ ಇಳಿಸಲಿಲ್ಲ. ಮೊದಲ ಮಹಿಳಾ ಪ್ರಧಾನಿ ಅಂತೀರಿ. ಯುದ್ಧಕಾಲದಲ್ಲಿ ಮನೆ, ಕಾರ್ಖಾನೆ ಎರಡನ್ನೂ ನಡೆಸಿದ ನನ್ನೂರಿನ ಹೆಂಗಸರು ಇವಳನ್ನು ತಮ್ಮಂಥ ಹೆಣ್ಣೆಂದು ಒಪ್ಪುತ್ತಿರಲಿಲ್ಲ ಎಂಬುದು ಆಕೆಯ ಮಾತಿನ ತಿರುಳು. ಗದ್ದಿಗೆ ಮೇಲೆ ಯಾರು ಕೂತರು ಅನ್ನುವುದಷ್ಟೇ ಸಾಲದು, ಕೂತು ಯಾರ ಪರ ನಿಂತರು ಅಂತಲೂ ಕೇಳಬೇಕು. ವಿದ್ಯಾರ್ಥಿ ಗೆಳೆಯರು ಈ ಮಾತನ್ನು ಗಂಟು ಕಟ್ಟಿಕೊಳ್ಳಬೇಕು.

2016ರಲ್ಲಿ, 80ರ ವಯಸ್ಸಿನಲ್ಲಿ, ಓಲ್ಡ್ ವಿಕ್ ರಂಗಮಂದಿರಕ್ಕೆ ಮರಳಿ ಬಂದು ಕಿಂಗ್ ಲಿಯರ್ ಆದಳು. ಲಿಯರ್ ರಾಜ್ಯ ಕಳಕೊಂಡು ಬಿರುಗಾಳಿ ಮಳೆಯಲ್ಲಿ ನೆನೆದ ಮೇಲೆಯೇ ಸೂರಿಲ್ಲದವರ ನೆನಪು ಮಾಡಿಕೊಳ್ಳುತ್ತಾನೆ. ಅರಸನಿಗೆ ಅದು ಬೀದಿಗೆ ಬಿದ್ದಾಗ ಬಂದ ಬುದ್ಧಿ. ಗ್ಲೆಂಡಾಗೆ ಅದು ಹುಟ್ಟಿದ ಮನೆಯ ಪಾಠ. ಮೇಲೇರಿದ ಮಕ್ಕಳೆಲ್ಲ ಮನೆಯ ಪಾಠ ಮರೆಯಲೇಬೇಕು ಅಂತೇನೂ ಇಲ್ಲ. ಈಕೆ ಮರೆಯಲಿಲ್ಲ.