ಸಾಕ್ಷಿಯ ಮಾತು, ಸಾಕ್ಷಿಯ ಚಿತ್ರ

ಸ್ನಾತಕೋತ್ತರ ತರಗತಿಗಳಲ್ಲಿ ಕಥನತತ್ತ್ವವನ್ನು ಬೋಧಿಸುವಾಗ ಸಾಹಿತ್ಯಕೃತಿಯ ಜೊತೆಗೆ ಚಲಚ್ಚಿತ್ರವನ್ನೂ ಇರಿಸಿಕೊಳ್ಳುವ ಪದ್ಧತಿ ಈಗ ಸಾಕಷ್ಟು ಬಳಕೆಗೆ ಬಂದಿದೆ. ಆದರೆ ಈ ವ್ಯಾಸಂಗವು ಬಹುಮಟ್ಟಿಗೆ ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಎಂಬ ಪಟ್ಟಿಯಲ್ಲಿಯೇ ಮುಗಿದುಹೋಗುತ್ತದೆ. ಅಂಥ ಪಟ್ಟಿಗೆ ಶಾಸ್ತ್ರವೇಕೆ? ಒಂದು ನಿದರ್ಶನದಿಂದ ನಮ್ಮ ಮಾತನ್ನು ವಿಶದಪಡಿಸಬಹುದು.

ಜಪಾನಿನ ಅಕುತಗಾವನ 'ಮೆಳೆಯೊಳಗೆ' (1922) ಎಂಬ ಸಣ್ಣಕಥೆಯಲ್ಲಿ ಏಳು ಹೇಳಿಕೆಗಳಿವೆ. ಅವನ್ನು ಜೋಡಿಸುವ ನಿರೂಪಕನಿಲ್ಲ. ಸಮುರಾಯಿಯೊಬ್ಬನು ಸತ್ತಿದ್ದಾನೆ. ಕೊಂದದ್ದು ತಾನೇ ಎಂದು ಕಳ್ಳನೆನ್ನುತ್ತಾನೆ, ತಾನೆಂದು ಹೆಂಡತಿ. ಆವೇಶಬಂದ ಹೆಂಗಸಿನ ಬಾಯಿಂದ ಸತ್ತವನೂ ತಾನೇ ಎನ್ನುತ್ತಾನೆ! ಕುರೊಸಾವನ 'ರಶೊಮಾನ್' (1950) ಚಿತ್ರಕ್ಕೆ ಇದೇ ಆಧಾರ. ಹೆಸರೂ ಹಾಳುಬಿದ್ದ ಹೆಬ್ಬಾಗಿಲೂ ಅದೇ ಲೇಖಕನ 1915ರ ಇನ್ನೊಂದು ಕಥೆಯವು.

ನಮ್ಮ ನುಡಿಯಲ್ಲಿ 'ಅಂತೆ' ಎಂಬುದೊಂದಿದೆ. 'ಕಳ್ಳ ಕೊಂದ' ಎಂಬುದಕ್ಕೂ 'ಕಳ್ಳ ಕೊಂದನಂತೆ' ಎಂಬುದಕ್ಕೂ ಇರುವ ಅಂತರವನ್ನು ಎಳೆಯ ಮಕ್ಕಳೂ ಬಲ್ಲರು. ಆ ಮಾತಿನ ಹೊಣೆ ಬೇರೊಬ್ಬನದೆಂದು ಅದು ಸಾರುತ್ತದೆ. ಅಕುತಗಾವನ ಪ್ರತಿಯೊಂದು ವಾಕ್ಯದ ಹಿಂದೆಯೂ ಇಂಥ 'ಅಂತೆ'ಯಿದೆ. ಚಲಚ್ಚಿತ್ರಕ್ಕೆ ಅದಿಲ್ಲ. ಕಳ್ಳನು ಹೇಳತೊಡಗಿದೊಡನೆಯೇ ತೆರೆಯ ಮೇಲೆ ಕಾಡು, ಎಲೆಗಳ ನಡುವಣ ಬಿಸಿಲು, ಕತ್ತಿಗಳ ಸೆಣಸು ಮೂಡುತ್ತವೆ. ಕಂಡುದನ್ನು ನಾವು ನಂಬುತ್ತೇವೆ. ಅದೇ 1950ರಲ್ಲಿ ಹಿಚ್‌ಕಾಕನು 'ಸ್ಟೇಜ್ ಫ್ರೈಟ್'ನಲ್ಲಿ ಪಾತ್ರವೊಂದರ ಸುಳ್ಳನ್ನು ಹೀಗೆಯೇ ಚಿತ್ರವಾಗಿಸಿ, ಪ್ರೇಕ್ಷಕರನ್ನು ವಂಚಿಸಿದನೆಂಬ ದೂರಿಗೆ ಗುರಿಯಾದನು. ಕಾದಂಬರಿಯ ಪಾತ್ರವೊಂದು ಸುಳ್ಳಾಡಿದರೆ ಕರ್ತೃವನ್ನು ಯಾರೂ ದೂರುವುದಿಲ್ಲವಷ್ಟೆ.

ಕುರೊಸಾವನ ಉಪಾಯ ಬೇರೆ. ಸಾಕ್ಷಿಗಳು ನಮ್ಮತ್ತ ಮುಖಮಾಡಿ ಕುಳಿತು ಉತ್ತರಿಸುತ್ತಾರೆ. ವಿಚಾರಣೆ ನಡೆಸುವವನು ಕಾಣುವುದೂ ಇಲ್ಲ, ಅವನ ದನಿ ಕೇಳುವುದೂ ಇಲ್ಲ. ಅವನ ಪೀಠದಲ್ಲಿ ಕುಳಿತವರು ನಾವು. ಒಂದು ಚಿತ್ರವನ್ನು ಇನ್ನೊಂದು ಅಲ್ಲಗಳೆದಾಗ 'ಅಂತೆ' ಹುಟ್ಟುತ್ತದೆ, ತಡವಾಗಿ.

ಇಷ್ಟನ್ನು ಸಾಧಿಸಿದ ಕೃತಿ ಕೊನೆಯಲ್ಲಿ ಸಡಿಲವಾಯಿತೆಂದೇ ನಮ್ಮ ಮತ. ಮೂಲದಲ್ಲಿ ಶವವನ್ನು ಕಂಡುದನ್ನಷ್ಟೇ ಹೇಳುವ ಸೌದೆ ಕಡಿಯುವವನು ಇಲ್ಲಿ ನ್ಯಾಯಸ್ಥಾನದ ಹೊರಗೆ, ಹೆಬ್ಬಾಗಿಲಿನಲ್ಲಿ, ನಾಲ್ಕನೆಯ ವೃತ್ತಾಂತವನ್ನು ಹೇಳುತ್ತಾನೆ. ಅದು ಕಡೆಯದು, ಅದರಲ್ಲಿ ಇಬ್ಬರೂ ನಡುಗುತ್ತ ಕಾದುತ್ತಾರೆ, ವೀರಾವೇಶವಿಲ್ಲ. ಆದುದರಿಂದ ಅದೇ ನಿಜವೆಂದು ಪ್ರೇಕ್ಷಕರು ಬಗೆಯುತ್ತಾರೆ. ನಮ್ಮ ವಿದ್ಯಾರ್ಥಿಗಳೂ ಹಾಗೆಯೇ ಬರೆಯುತ್ತಾರೆ. ಅವನೂ ಕಠಾರಿಯನ್ನು ಕದ್ದವನೆಂಬ ಸೂಚನೆ ಬಾರದಿಲ್ಲ. ಆದರೆ ಅನಾಥಶಿಶುವನ್ನು ಎತ್ತಿಕೊಂಡು ಅವನು ನಡೆದುಹೋಗುವಾಗ ಅದನ್ನು ನೆನೆಯುವವರಾರು? ಕರುಣೆಯು ಅವನ ಸಾಕ್ಷ್ಯಕ್ಕೆ ಮುದ್ರೆಯೊತ್ತಿಬಿಡುತ್ತದೆ. ಆ ಮುದ್ರೆಯನ್ನು ಒತ್ತಿದವರು ಯಾರು, ಶಿಶುವನ್ನು ಅವನ ಕೈಗಿತ್ತ ಭಿಕ್ಷುವೆ, ಕ್ಯಾಮರಾವೆ, ಎಂದು ಪ್ರಶ್ನಪತ್ರಿಕೆಯಲ್ಲಿ ಕೇಳಿದುದನ್ನು ನಾವಿನ್ನೂ ಕಾಣೆವು.