‘ಗುಲಾಬಿ ಟಾಕೀಸ್’ ಮತ್ತು ನಿಧಾನದ ತಕರಾರು

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ 2008ರ ಚಿತ್ರ. ಅದರಲ್ಲಿ ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೆ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಆಗಿನಿಂದ ಈ ಚಿತ್ರದ ಬಗ್ಗೆ ನನ್ನ ಕಿವಿಗೆ ಬಿದ್ದ ಮಾತುಗಳು ಎರಡೇ ಬಗೆಯವು. ‘ಅದ್ಭುತ’ ಎನ್ನುವುದು ಒಂದು. ‘ತುಂಬಾ ಸ್ಲೋ ಕಣ್ರೀ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಸಭೆಗಳಲ್ಲಿ ಕೇಳಿದ್ದೇನೆ, ಎರಡನೆಯದನ್ನು ಚಹಾ ಅಂಗಡಿಗಳಲ್ಲಿ. ಸಭೆಯ ಮಾತಿಗೆ ಚಪ್ಪಾಳೆ ಸಿಕ್ಕಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಚಹಾ ಅಂಗಡಿಯ ಮಾತಿಗೆ ಯಾರೂ ಸರಿಯಾಗಿ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ. ‘ನಿಮಗೆ ಅಭಿರುಚಿ ಇಲ್ಲ’ ಎಂದು ಹೇಳಿಬಿಡುವುದು ಉತ್ತರವಲ್ಲ, ಸೊಕ್ಕು.

‘ಅವಾರ್ಡ್ ಸಿನಿಮಾ’ ಎಂಬ ಲೇವಡಿ ನಮ್ಮಲ್ಲಿ ಹಳೆಯದು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ ಹುಟ್ಟಿದ್ದು ಅದು. ಒಬ್ಬ ಮನುಷ್ಯ ಗದ್ದೆಯ ಆ ಬದುವಿನಿಂದ ಈ ಬದುವಿಗೆ ನಡೆದು ಬರುವಷ್ಟರಲ್ಲಿ ನೀವು ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಂದು ಕೂರಬಹುದು ಎಂದು ನಗುತ್ತಿದ್ದರು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಹೇಳಲು ಏನೂ ಇಲ್ಲದ ಕಾರಣಕ್ಕೇ ನಿಧಾನವಾಗಿರುವ ಚಿತ್ರಗಳು ಕನ್ನಡದಲ್ಲಿ ಸಾಕಷ್ಟಿವೆ. ಕ್ಯಾಮೆರಾ ಒಂದು ಕಡೆ ನಿಂತ ಮಾತ್ರಕ್ಕೆ ಅದು ಏನನ್ನೋ ನೋಡುತ್ತಿದೆ ಎಂದು ನಂಬಬೇಕಾಗಿಲ್ಲ. ಆದ್ದರಿಂದ ನಿಧಾನವನ್ನೇ ಗುಣವೆಂದು ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಎಲ್ಲಿ ನಿಧಾನ, ಯಾರಿಗಾಗಿ ನಿಧಾನ ಎಂದು ಬಿಡಿಸಿ ಕೇಳಬೇಕು.

ಚಿತ್ರ ನೋಡದವರಿಗಾಗಿ ಕಥೆ ಇಷ್ಟು. ಕುಂದಾಪುರದ ಕಡೆಯ ಮೀನುಗಾರರ ನಡುವೆ, ಕಾರ್ಗಿಲ್ ಯುದ್ಧದ ಆಸುಪಾಸಿನಲ್ಲಿ ನಡೆಯುವಂಥದ್ದು. ಗುಲಾಬಿ ಸೂಲಗಿತ್ತಿ, ಮುಸ್ಲಿಮ್ ಹೆಂಗಸು. ಗಂಡ ಮೂಸಾ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿ ಇವಳನ್ನು ಬಿಟ್ಟಿದ್ದಾನೆ. ಇವಳಿಗೆ ಸಿನಿಮಾದ ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರಿಂದ ಟಿವಿ ಮತ್ತು ಡಿಶ್ ಆಂಟೆನಾ ಉಡುಗೊರೆಯಾಗಿ ಬರುತ್ತದೆ. ಅವಳ ಗುಡಿಸಲು ಊರ ಹೆಂಗಸರ ಟಾಕೀಸಾಗುತ್ತದೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಮುಸ್ಲಿಮರ ಮನೆಯೆಂದು ಕೆಲವರು ಹೊರಗೆ ನಿಂತೇ ನೋಡುತ್ತಾರೆ. ಕೆಲವರು ಅತ್ತ ತಲೆ ಹಾಕುವುದೇ ಇಲ್ಲ. ಗಂಡ ದೂರದಲ್ಲಿರುವ, ಅತ್ತೆಯ ಕಾಟದಲ್ಲಿ ಬೇಯುವ ನೇತ್ರು ಎಂಬ ಹುಡುಗಿ ಗುಲಾಬಿಗೆ ಹತ್ತಿರವಾಗುತ್ತಾಳೆ. ಒಂದು ದಿನ ನೇತ್ರು ಕಾಣೆಯಾಗುತ್ತಾಳೆ, ದೂರು ಗುಲಾಬಿಯ ತಲೆಗೆ ಬರುತ್ತದೆ. ಸಣ್ಣ ಮೀನುಗಾರರಿಗೂ ದೊಡ್ಡ ಟ್ರಾಲರುಗಳಿಗೂ ಇದ್ದ ಜಗಳ ಹಿಂದೂ ಮುಸ್ಲಿಮ್ ಜಗಳವಾಗಿ ತಿರುಗುತ್ತದೆ. ಉಳಿದ ಮುಸ್ಲಿಮರು ಊರು ಬಿಟ್ಟರೂ ಹೋಗದ ಗುಲಾಬಿಯನ್ನು ಕಡೆಗೆ ಬಲವಂತವಾಗಿ ದೋಣಿ ಹತ್ತಿಸುತ್ತಾರೆ.

ಈ ಕಥೆಯಲ್ಲಿ ‘ಏನೂ ಆಗುವುದಿಲ್ಲ’ ಎಂದು ಯಾರಾದರೂ ಹೇಳಲು ಸಾಧ್ಯವೇ? ಸಾಧ್ಯ. ನಮ್ಮ ಸೀಮೆಯಲ್ಲಿ, ಬೇರೆ ಬೇರೆ ಸಮಯದಲ್ಲಿ, ಬೇರೆ ಬೇರೆಯವರ ಜೊತೆ ನಾನಿದನ್ನು ನೋಡಿದ್ದೇನೆ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರದ ಗೆಳೆಯರೊಬ್ಬರು ಮುಕ್ಕಾಲು ಗಂಟೆ ಕೂತು, ‘ಏನ್ ಭಾಯಿ, ಇನ್ನೂ ಶುರುವೇ ಆಗಿಲ್ವಲ್ಲಾ’ ಎಂದು ಎದ್ದರು. ಅವರಿಗೆ ಕುಂದಾಪುರದ ಕನ್ನಡವೂ ತೊಡಕಾಗಿತ್ತು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ ತಮಿಳು ಎರಡನ್ನೂ ಆಡುವ ಮನುಷ್ಯ ಅವರು. 1956ರವರೆಗೆ ಮದ್ರಾಸ್ ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರಿನವರಿಗೆ ತಮಿಳು ಚಿತ್ರದ ಓಟ ಒಗ್ಗಿದಷ್ಟು ಕರಾವಳಿಯ ಮಾತು ಒಗ್ಗದಿರುವುದು ಅಚ್ಚರಿಯಲ್ಲ. ಹನೂರಿನ ನಿವೃತ್ತ ಮೇಷ್ಟ್ರೊಬ್ಬರು ಪೂರಾ ನೋಡಿ, ಚೆನ್ನಾಗಿದೆ, ಆದರೆ ಇದನ್ನೇ ಒಂದು ಗಂಟೆಯಲ್ಲಿ ಹೇಳಬಹುದಿತ್ತು ಎಂದರು. ಯಳಂದೂರಿನಲ್ಲಿ ನನ್ನ ಹೆಂಡತಿಯ ಖಾಲಾ ಮಾತ್ರ ಕಣ್ಣು ಕೀಳದೆ ನೋಡಿದರು. ‘ಬೇಜಾರಾಗ್ಲಿಲ್ವಾ ಖಾಲಾ?’ ಎಂದೆ. ‘ಅಷ್ಟು ಜನ ಅವಳ ಮನೆಗೆ ಬಂದು ಟಿವಿ ನೋಡ್ತಾರಲ್ಲ, ಒಬ್ಬರಾದ್ರೂ ಊಟ ಆಯ್ತಾ ಗುಲಾಬಿ ಅಂತ ಕೇಳ್ತಾರಾ ಅಂತ ಕಾಯ್ತಾ ಇದ್ದೆ’ ಎಂದರು.

ನಾನು ಓದಿದ ಯಾವ ವಿಮರ್ಶೆಯೂ ಈ ಚಿತ್ರವನ್ನು ನೋಡುವ ಕ್ರಮವನ್ನು ಇಷ್ಟು ಸರಿಯಾಗಿ ಹೇಳಿಲ್ಲ. ರೇಷ್ಮೆ ವ್ಯಾಪಾರಿ ಗೆಳೆಯರು ಕಥೆಗಾಗಿ ಕಾಯುತ್ತಿದ್ದರು, ಅದು ತಡವಾಗಿ ಬಂತು. ಖಾಲಾ ಗುಲಾಬಿಗಾಗಿ ಕಾಯುತ್ತಿದ್ದರು, ಅವಳು ಮೊದಲ ಕ್ಷಣದಿಂದಲೇ ಅಲ್ಲಿದ್ದಳು.

ನಮ್ಮ ಜನಕ್ಕೆ ತಾಳ್ಮೆ ಇಲ್ಲ, ಎಲ್ಲವೂ ಬೇಗ ಆಗಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಾದೇಶ್ವರನ ಕಥೆಯನ್ನು ರಾತ್ರಿಯಿಡೀ ಕೇಳುವ ಸೀಮೆ ಇದು. ಕಂಸಾಳೆಯವರು ಸಂಕಮ್ಮನ ಸಾಲು ಹಿಡಿದರೆ ಬೆಳಗಾಗುವುದು ಯಾರಿಗೂ ಗೊತ್ತಾಗುವುದಿಲ್ಲ. ಸಂಕಮ್ಮನ ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಅವಳಿಂದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ. ಅವನು ಅವಳನ್ನು ಹಿಂಸೆ ಮಾಡಿ ಕಾಡಿನ ಗುಡಿಸಲಿನಲ್ಲಿ ಕೂಡಿ ಹಾಕುತ್ತಾನೆ. ಘಟನೆಯೆಂದರೆ ಇಷ್ಟೇ. ಹಾಡುವವರು ಅದನ್ನು ಎಳೆಯುತ್ತಾರೆ, ಹಿಂದಕ್ಕೆ ಹೋಗುತ್ತಾರೆ, ಅದೇ ಮಾತನ್ನು ಮತ್ತೆ ಹೇಳುತ್ತಾರೆ. ‘ಸ್ಲೋ ಆಯ್ತು’ ಎಂದು ಯಾರೂ ಎದ್ದು ಹೋಗುವುದಿಲ್ಲ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಉರ್ದು ಮುಶಾಯಿರಾದಲ್ಲಂತೂ ಒಳ್ಳೆಯ ಸಾಲು ಬಂದರೆ ‘ಮುಕರ್ರರ್’ ಎಂದು ಕೂಗಿ ಮತ್ತೊಮ್ಮೆ ಹೇಳಿಸುತ್ತೇವೆ. ನಿಧಾನವನ್ನು ಕಾಸು ಕೊಡದೆ ಕೇಳಿ ಪಡೆದ ಜನ ನಾವು.

ವ್ಯತ್ಯಾಸ ಬೇರೆ ಕಡೆ ಇದೆ. ಸಂಕಮ್ಮನನ್ನು ಮಾದಪ್ಪ ಕಾಪಾಡುತ್ತಾನೆ ಎಂಬುದು ಕೇಳುವವರಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಅವಳ ಕಷ್ಟದ ಬಳಿ ಎಷ್ಟು ಹೊತ್ತಾದರೂ ಕೂರಬಹುದು. ಹಾಡುವವನ ಪಕ್ಕದಲ್ಲಿ ಸೊಲ್ಲು ಹೇಳುವವರಿರುತ್ತಾರೆ, ದುಃಖಕ್ಕೊಂದು ಪ್ರತಿಧ್ವನಿ ಇರುತ್ತದೆ. ಗುಲಾಬಿಯ ವಿಷಯದಲ್ಲಿ ಇದ್ಯಾವುದೂ ಇಲ್ಲ. ಅವಳನ್ನು ಕಾಪಾಡಲು ಯಾರಾದರೂ ಬರುತ್ತಾರೆಂಬ ಭರವಸೆಯನ್ನು ಕಾಸರವಳ್ಳಿ ಕೊಡುವುದಿಲ್ಲ, ಇಲ್ಲಿ ಅಳಿ ಎಂದು ಹೇಳುವ ಸಂಗೀತವನ್ನೂ ಮೇಲೆ ಸುರಿಯುವುದಿಲ್ಲ. ನಿಮಗೆ ಪರಿಚಯವಿಲ್ಲದ, ನಿಮ್ಮ ಜಾತಿಯಲ್ಲದ, ನೋಡಲು ಚೆಲುವೆಯೂ ಅಲ್ಲದ, ಮಕ್ಕಳಿಲ್ಲದ ಒಬ್ಬ ನಡುವಯಸ್ಸಿನ ಹೆಂಗಸಿನ ಜೊತೆ ಎರಡು ಗಂಟೆ ಸುಮ್ಮನೆ ಕೂತಿರಿ ಎನ್ನುತ್ತಾರೆ. ಎನ್.ಎಸ್. ರಾವ್ ಜೊತೆಗಿನ ಹಾಸ್ಯದ ಉಮಾಶ್ರೀ ನಮಗೆ ಗೊತ್ತಿದ್ದವರು. ಅವರು ತೆರೆಗೆ ಬಂದ ಕೂಡಲೇ ನಗಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಳ್ಳಬೇಕಾಗುತ್ತದೆ. ಕೆಲವರಿಗೆ ಅದು ಮೋಸವೆನಿಸಿದರೆ ಅರ್ಥಮಾಡಿಕೊಳ್ಳಬಹುದು.

ಈ ತಕರಾರು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಕೊರಿಯಾದ ಧಾರಾವಾಹಿಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ರಾತ್ರಿಯಿಡೀ ನೋಡುತ್ತಾರೆ. ಅದೇ ದೇಶದ ಲೀ ಚಾಂಗ್ ಡಾಂಗ್ ಮಾಡಿದ ‘ಪೊಯೆಟ್ರಿ’ (2010) ಹಾಕಿದರೆ ಅವರೂ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಲೀ ಮೊದಲು ಕಥೆ ಕಾದಂಬರಿ ಬರೆಯುತ್ತಿದ್ದವರು, ಆ ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಬಂತು. (ಅವರು ತಮ್ಮ ದೇಶದ ಸಂಸ್ಕೃತಿ ಸಚಿವರಾಗಿದ್ದವರು, ಉಮಾಶ್ರೀಯವರೂ 2013ರ ನಂತರ ನಮ್ಮಲ್ಲಿ ಅದೇ ಖಾತೆ ನೋಡಿಕೊಂಡರು. ನಿಧಾನದ ಚಿತ್ರ ಮಾಡಿದವರಿಗೆ ಸರ್ಕಾರದ ಕಡತದ ವೇಗ ಹೊಸದೆನಿಸಿರಲಾರದು.) ಅದರಲ್ಲಿ ಮಿಜಾ ಎಂಬ ಅರವತ್ತು ದಾಟಿದ ಅಜ್ಜಿ ಇನ್ನೊಬ್ಬರ ಮನೆಯಲ್ಲಿ ರೋಗಿಯನ್ನು ನೋಡಿಕೊಂಡು ಮೊಮ್ಮಗನನ್ನು ಸಾಕುತ್ತಾಳೆ. ನೆನಪು ಕೈಕೊಡುತ್ತಿದೆ. ಕವಿತೆ ಬರೆಯುವುದನ್ನು ಕಲಿಯಲು ಹೋಗುತ್ತಾಳೆ. ಶಾಲೆಯ ಹುಡುಗಿಯೊಬ್ಬಳ ಸಾವಿಗೆ ಕಾರಣರಾದ ಹುಡುಗರಲ್ಲಿ ತನ್ನ ಮೊಮ್ಮಗನೂ ಒಬ್ಬನೆಂದು ಅವಳಿಗೆ ತಿಳಿಯುತ್ತದೆ. ಹುಡುಗರ ತಂದೆಯರು ಹೋಟೆಲಿನಲ್ಲಿ ಸೇರಿ, ಸತ್ತವಳ ತಾಯಿಗೆ ಎಷ್ಟು ದುಡ್ಡು ಕೊಟ್ಟು ಬಾಯಿ ಮುಚ್ಚಿಸಬೇಕೆಂದು ಲೆಕ್ಕ ಹಾಕುತ್ತಿರುವಾಗ ಮಿಜಾ ಸುಮ್ಮನೆ ಹೊರಗೆ ಹೋಗಿ ಕೆಂಪು ಹೂಗಳನ್ನು ನೋಡುತ್ತಾ ನಿಲ್ಲುತ್ತಾಳೆ.

ಆ ಮುದುಕಿಗೆ ಬುದ್ಧಿ ಇದೆಯೇ, ಇಂಥ ಹೊತ್ತಿನಲ್ಲಿ ಹೂ ನೋಡುವುದೇ ಎಂದು ನೋಡುವವರಿಗೆ ಸಿಟ್ಟು ಬರುತ್ತದೆ. ಬರಲಿ. ಒಳಗೆ ಲೆಕ್ಕ ಎಷ್ಟು ಚುರುಕಾಗಿ, ಎಷ್ಟು ಸಲೀಸಾಗಿ ಮುಗಿಯುತ್ತಿದೆ ಎನ್ನುವುದು ಹೊರಗೆ ಇವಳು ನಿಂತಿರುವುದರಿಂದಲೇ ಅಸಹ್ಯವಾಗಿ ಕಾಣುತ್ತದೆ.

ಗುಲಾಬಿಗೆ ಮರಳೋಣ. ಚಿತ್ರದ ಬಗ್ಗೆ ನನಗೂ ತಕರಾರುಗಳಿವೆ, ಆದರೆ ಅವು ಗೆಳೆಯರ ತಕರಾರಿನ ತಲೆಕೆಳಗು. ಈ ಚಿತ್ರ ಸೋಲುವುದು ನಿಧಾನವಾದ ಕಡೆಯಲ್ಲಲ್ಲ, ಅವಸರಪಟ್ಟ ಕಡೆ. ಗುಡಿಸಲು, ಟಿವಿ, ಹೆಂಗಸರು, ನೇತ್ರು ಇಷ್ಟೇ ಇರುವಾಗ ಗುಲಾಬಿ ಒಬ್ಬ ಮನುಷ್ಯಳು. ಕಾರ್ಗಿಲ್, ಜಾಗತೀಕರಣ, ಟ್ರಾಲರು, ಕೋಮುವಾದ ಎಲ್ಲವೂ ಒಂದರ ಹಿಂದೆ ಒಂದು ಬಂದಿಳಿದಾಗ ಅವಳು ಉದಾಹರಣೆಯಾಗಿಬಿಡುತ್ತಾಳೆ. ವೈದೇಹಿಯವರ ಮೂಲಕಥೆಯಲ್ಲಿ ಟಿವಿ ಇಲ್ಲ, ಸಣ್ಣ ಊರಿಗೆ ಬರುವ ಟಾಕೀಸು ಇದೆ. ಸೂಲಗಿತ್ತಿಯ ಹೆಸರು ಲಿಲ್ಲೀಬಾಯಿ. ಅವಳನ್ನು ಮುಸ್ಲಿಮಳನ್ನಾಗಿ ಮಾಡಿದ್ದು ಕಾಸರವಳ್ಳಿ. ಹಾಗೆ ಮಾಡುವ ಹಕ್ಕು ಅವರಿಗಿದೆ. ಆದರೆ ಒಬ್ಬಳನ್ನು ಮುಸ್ಲಿಮಳನ್ನಾಗಿ ಮಾಡಿದ ಕೂಡಲೇ ಯುದ್ಧ, ಗಲಭೆ, ವಲಸೆ ಎಲ್ಲವನ್ನೂ ಅವಳ ಹೆಗಲ ಮೇಲೆ ಹೇರಬೇಕೇ? ಲಿಲ್ಲೀಬಾಯಿಗೆ ಬರೀ ಸಿನಿಮಾ ನೋಡುವ, ತೋರಿಸುವ ಖುಷಿಯಿತ್ತು. ಗುಲಾಬಿಗೆ ಆ ಖುಷಿ ಅರ್ಧ ಚಿತ್ರದಷ್ಟೂ ದಕ್ಕುವುದಿಲ್ಲ.

ಇದಕ್ಕೆ ಒಂದು ಅಪವಾದ ಹೇಳಬೇಕು. ಎಲ್ಲರೂ ದ್ವೇಷಿಸುವ ಟ್ರಾಲರುಗಳ ಮುಸ್ಲಿಮ್ ಮಾಲೀಕ ಚಿತ್ರದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಅವನ ಹೆಸರು ಇದೆ, ಮೀನಿದೆ, ಸಿಟ್ಟಿದೆ, ಮನುಷ್ಯನಿಲ್ಲ. ಕಾಣದವನ ಮೇಲಿನ ಕೋಪ ಕಾಣುವವಳ ಮೇಲೆ ಬೀಳುತ್ತದೆ. ಕೋಮುಗಲಭೆ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲು ಬೆಂಕಿ, ಕತ್ತಿ, ಘೋಷಣೆ ಯಾವುದೂ ಬೇಕಾಗಲಿಲ್ಲ. ಕಡಿಮೆ ತೋರಿಸುವುದರ ಶಕ್ತಿ ಇದು.

ನಮ್ಮ ಸಮುದಾಯದೊಳಗಿನ ಆಕ್ಷೇಪ ಬೇರೆಯದು, ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಮತ್ತೆ ಹೆಂಡತಿ ಬಿಟ್ಟವನಾ? ನಮ್ಮಲ್ಲಿ ಬೇರೆ ಗಂಡಸರೇ ಇಲ್ವಾ?’ ಎಂದು ಖಾಲಾ ಕೂಡ ಮೂಸಾನನ್ನು ನೋಡಿ ಹೇಳಿದರು. ಇದೇ ನಿರ್ದೇಶಕರ ‘ಹಸೀನಾ’ (2004) ಬಂದಾಗಲೂ ಈ ಮಾತು ನಮ್ಮ ನಡುವೆ ಇತ್ತು. ಅದು ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿದ್ದು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಆ ಕಥೆಯೂ ಸೇರಿರುವ ಬಾನು ಅವರ ಇಂಗ್ಲಿಷ್ ಅನುವಾದದ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹೆಮ್ಮೆಪಟ್ಟವರಲ್ಲೇ ಕೆಲವರು, ನಮ್ಮ ಮನೆಯ ಕಸವನ್ನು ಬೀದಿಗೆ ಹಾಕಿದರೆ ಪ್ರಶಸ್ತಿ ಬರುತ್ತದೆ ಎಂದೂ ಗೊಣಗಿದರು. ಬಾನು ಒಳಗಿನವರು, ವಕೀಲರು, ಹೆಂಗಸರ ಕಷ್ಟವನ್ನು ಕಣ್ಣಾರೆ ಕಂಡು ಬರೆದವರು. ಅವರ ಕಥೆಯ ಗಂಡಸು ತಪ್ಪಿತಸ್ಥನಾದರೂ ಅವನಿಗೊಂದು ಮೊಹಲ್ಲಾ ಇದೆ, ಮುತವಲ್ಲಿ ಇದ್ದಾನೆ, ನಾಚಿಕೆಯಿದೆ. ಮೂಸಾನಿಗೆ ಅದಿಲ್ಲ. ಬಂದು ಹೋಗುವ ಗಂಡ ಅವನು.

ಹಾಗೆಂದು ಇದಕ್ಕೆ ಪರಿಹಾರ ಒಬ್ಬ ಒಳ್ಳೆಯ ಮುಸ್ಲಿಮನನ್ನು ಚಿತ್ರಕ್ಕೆ ಸೇರಿಸುವುದಲ್ಲ. ಜನಪ್ರಿಯ ಸಿನಿಮಾ ಅದನ್ನು ಬೇಕಾದಷ್ಟು ಮಾಡಿದೆ. ನಾಯಕನ ಪ್ರಾಣ ಉಳಿಸಲು ಗುಂಡಿಗೆ ಎದೆಕೊಟ್ಟು ಸಾಯುವ ರಹೀಮ್ ಚಾಚಾನನ್ನು ನಾವೆಲ್ಲ ನೋಡಿದ್ದೇವೆ. ಬಾಂಬಿಡುವವನನ್ನೂ ನೋಡಿದ್ದೇವೆ. ಇಬ್ಬರಿಗೂ ಕೊಟ್ಟ ಸಮಯ ಐದೈದು ನಿಮಿಷ. ಗುಲಾಬಿಗೆ ಕೊಟ್ಟ ಸಾವಧಾನದಲ್ಲಿ ಕಾಲು ಭಾಗವನ್ನು ಮೂಸಾನಿಗೂ ಕೊಟ್ಟಿದ್ದರೆ ಅವನು ಕೆಟ್ಟವನಾಗಿಯೇ ಉಳಿದಿದ್ದರೂ ನಮ್ಮ ಖಾಲಾ ತಕರಾರು ತೆಗೆಯುತ್ತಿರಲಿಲ್ಲ.

ಕಡೆಯ ದೃಶ್ಯದ ಬಗ್ಗೆ ಹನೂರಿನ ಮೇಷ್ಟ್ರಿಗೂ ನನಗೂ ಇನ್ನೂ ರಾಜಿಯಾಗಿಲ್ಲ. ಗುಲಾಬಿ ಹೋದಮೇಲೆ, ಅವಳಿರುವ ತನಕ ಆ ಮನೆಗೆ ಕಾಲಿಡದಿದ್ದ ಇಬ್ಬರು ಮುದುಕಿಯರು ಟಿವಿ ನೋಡಲು ಬರುತ್ತಾರೆ. ಈಗ ಅವಳಿಲ್ಲ, ನೀವು ಬರಬಹುದು ಎಂದು ಹುಡುಗರು ಹೇಳಿದ್ದಾರೆ. ಅದನ್ನು ಹಚ್ಚುವುದು ಅವರಿಗೆ ಗೊತ್ತಿಲ್ಲ. ಖಾಲಿ ಪರದೆಯನ್ನು ನೋಡುತ್ತಾ ಕೂರುತ್ತಾರೆ. ಮೇಷ್ಟ್ರ ಪ್ರಕಾರ ಇದು ಓದುಬರಹವಿಲ್ಲದ ಮುದುಕಿಯರನ್ನು ಗೇಲಿ ಮಾಡಿದ ಹಾಗೆ. ನನಗೆ ಹಾಗೆ ಕಾಣುವುದಿಲ್ಲ. ಆ ಮುದುಕಿಯರ ತಾಳ್ಮೆ ನೋಡಿ, ಚಿತ್ರ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾಯುತ್ತಿದ್ದಾರೆ. ಗುಂಡಿ ಒತ್ತುತ್ತಿದ್ದವಳು ದೋಣಿಯಲ್ಲಿ ಹೋಗಿ ಎಷ್ಟೋ ಹೊತ್ತಾಗಿದೆ.